ಅಲುಗಿದ ಗ್ರಿಡ್ ಬೀಳುತ್ತದೋ, ನಿಲ್ಲುತ್ತದೋ? ಪ್ರೊ. ಎಂ. ಎ. ಪೈ ಅವರ ಸಂಶೋಧನೆ

ಕರೆಂಟ್ ಹೋದ ಕೂಡಲೇ ನಾವು ಮೊದಲು ಬೈಯುವುದು ಲೈನ್‌ಮನ್‌ಗೆ, ಆಮೇಲೆ ಟ್ರಾನ್ಸ್‌ಫಾರ್ಮರ್‌ಗೆ. ಹೆಚ್ಚಿನ ಸಲ ಕಾರಣವೂ ಅಲ್ಲೇ ಎಲ್ಲೋ ಇರುತ್ತದೆ. ತಂತಿಗೆ ತಾಗಿದ ಅಡಿಕೆ ಸೋಗೆ, ಮಳೆಗೆ ವಾಲಿದ ಕಂಬ, ಸುಟ್ಟ ಫ್ಯೂಸ್. ಆದರೆ ಇನ್ನೊಂದು ಬಗೆಯ ಕತ್ತಲೆಯೂ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ಒಂದು ತಂತಿಯೂ ತುಂಡಾಗಿರುವುದಿಲ್ಲ, ಒಂದು ಟ್ರಾನ್ಸ್‌ಫಾರ್ಮರ್ ಕೂಡ ಕೆಟ್ಟಿರುವುದಿಲ್ಲ. ಆದರೂ ಎಲ್ಲ ಕಡೆ ಒಟ್ಟಿಗೆ ದೀಪ ಆರುತ್ತದೆ. ಏಕೆಂದರೆ ನೂರಾರು ಕಿಲೋಮೀಟರ್ ಆಚೆ ಒಂದು ಲೈನ್ ಕಳಚಿಕೊಂಡಿದೆ, ಅದರ ಪೆಟ್ಟಿಗೆ ಇಡೀ ಜಾಲವೇ ತೂಗಾಡಿ ಕುಸಿದಿದೆ. ಇಂಥ ಕತ್ತಲೆ ಅಪರೂಪ, ಆದರೆ ಬಂದರೆ ಕೋಟಿಗಟ್ಟಲೆ ಜನರನ್ನು ಒಮ್ಮೆಗೇ ಆವರಿಸುತ್ತದೆ.

ಹೀಗೆ ಪೆಟ್ಟು ತಿಂದ ಜಾಲ ತೂಗಾಡಿ ಮತ್ತೆ ನಿಲ್ಲುತ್ತದೆಯೋ, ಬೀಳುತ್ತದೆಯೋ ಎಂಬುದನ್ನು ಮುಂಚೆಯೇ ಲೆಕ್ಕ ಹಾಕಿ ಹೇಳಬಹುದೇ? ಮಂಗಳೂರು ಮೂಲದ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಮಂಗಳೂರು ಅನಂತ ಪೈ ಅವರು ಕಾನ್ಪುರದಲ್ಲೂ ಅಮೆರಿಕದ ಇಲಿನಾಯ್‌ನಲ್ಲೂ ಕೂತು ದಶಕಗಳ ಕಾಲ ಬೆನ್ನು ಹತ್ತಿದ ಪ್ರಶ್ನೆಗಳಲ್ಲಿ ಇದು ಮುಖ್ಯವಾದದ್ದು. ವಿದ್ಯುತ್ ಜಾಲ ಓದುವವರಿಗೆ 'ಎಂ. ಎ. ಪೈ' ಎಂಬುದು ಪಠ್ಯಪುಸ್ತಕದ ರಟ್ಟಿನ ಮೇಲಿನ ಪರಿಚಿತ ಹೆಸರು. ಉಳಿದವರಿಗೆ ಅಷ್ಟಾಗಿ ಗೊತ್ತಿಲ್ಲ.

ತಂತಿಯಲ್ಲಿ ಕರೆಂಟ್ 'ಇರುವುದಿಲ್ಲ'

ಪೈ ಅವರ ಕೆಲಸ ತಿಳಿಯಬೇಕಾದರೆ ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ನೀರು ಪೈಪಿನಲ್ಲಿ ನಿಂತಿರುವಂತೆ ವಿದ್ಯುತ್ತು ತಂತಿಯಲ್ಲಿ ತುಂಬಿಕೊಂಡಿರುತ್ತದೆ, ನಾವು ಸ್ವಿಚ್ ಒತ್ತಿದಾಗ ಹೊರಬರುತ್ತದೆ ಎಂದು ಹಲವರು ಭಾವಿಸಿದ್ದಾರೆ. ಹಾಗಿಲ್ಲ. ಪರ್ಯಾಯ ವಿದ್ಯುತ್ತಿನ ಜಾಲದಲ್ಲಿ ತಂತಿಗಳು ಏನನ್ನೂ ಕೂಡಿಡುವುದಿಲ್ಲ ಎಂದೇ ಹೇಳಬೇಕು. ನ್ಯಾಮತಿಯಲ್ಲಿ ಈಗ ತಿರುಗುತ್ತಿರುವ ಫ್ಯಾನಿಗೆ ಬೇಕಾದ ಶಕ್ತಿಯನ್ನು ಈ ಕ್ಷಣದಲ್ಲೇ ಯಾವುದೋ ಜನರೇಟರ್ ಉತ್ಪಾದಿಸುತ್ತಿರಬೇಕು. ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸರಿದೂಗಬೇಕು.

ಸರಿದೂಗದಿದ್ದರೆ? ಆ ವ್ಯತ್ಯಾಸವನ್ನು ಹೊರುವುದು ತಿರುಗುವ ಕಬ್ಬಿಣ. ಶರಾವತಿಯ ಹತ್ತು ಯಂತ್ರಗಳಿರಲಿ, ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಯಂತ್ರಗಳಿರಲಿ, ಟನ್‌ಗಟ್ಟಲೆ ತೂಕದ ರೋಟರ್‌ಗಳು ಸುತ್ತುತ್ತಿರುತ್ತವೆ. ಆ ಸುತ್ತುವಿಕೆಯಲ್ಲಿ ಅಡಗಿರುವ ಚಲನಶಕ್ತಿಯೇ ಜಾಲದ ಕ್ಷಣಮಾತ್ರದ ಉಳಿತಾಯ ಖಾತೆ. ಬಳಕೆ ಹೆಚ್ಚಾದರೆ ರೋಟರ್ ನಿಧಾನವಾಗುತ್ತದೆ, ಕಡಿಮೆಯಾದರೆ ವೇಗ ಪಡೆಯುತ್ತದೆ. ಜಾಲದ ಆವರ್ತನ 50 ಹರ್ಟ್ಸ್‌ಗಿಂತ ಮೇಲೆ ಕೆಳಗೆ ಆಡುವುದು ಇದೇ ಕಾರಣಕ್ಕೆ.

ಇನ್ನೊಂದು ಕಟ್ಟುಪಾಡೂ ಇದೆ. ಒಂದೇ ಜಾಲದಲ್ಲಿರುವ ಈ ಜನರೇಟರ್‌ಗಳೆಲ್ಲ ಒಂದೇ ತಾಳಕ್ಕೆ ಸುತ್ತಬೇಕು. ಡೊಳ್ಳು ಕುಣಿತ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಒಬ್ಬ ಸ್ವಲ್ಪ ಮುಂದೆ ಹೋದರೂ ಉಳಿದವರ ಬಡಿತ ಕೇಳಿ ಮತ್ತೆ ತಾಳಕ್ಕೆ ಬರುತ್ತಾನೆ. ಬಹಳ ಮುಂದೆ ಹೋಗಿಬಿಟ್ಟರೆ ಮಾತ್ರ ಸೇರಿಕೊಳ್ಳಲು ಆಗುವುದಿಲ್ಲ. ಜನರೇಟರ್ ಹೀಗೆ ತಾಳ ತಪ್ಪುವುದನ್ನು 'ಸಿಂಕ್ರೊನಿಸಂ ಕಳೆದುಕೊಳ್ಳುವುದು' ಎನ್ನುತ್ತಾರೆ. ತಾಳ ತಪ್ಪಿದ ಯಂತ್ರವನ್ನು ರಕ್ಷಣಾ ಉಪಕರಣಗಳು ಜಾಲದಿಂದ ಕಿತ್ತುಹಾಕುತ್ತವೆ. ಅದರ ಹೊರೆ ಉಳಿದವುಗಳ ಮೇಲೆ ಬಿದ್ದು, ಅವುಗಳಲ್ಲಿ ಇನ್ನೊಂದು ತಾಳ ತಪ್ಪುತ್ತದೆ. ಸರಣಿ ಹೀಗೇ ಮುಂದುವರಿದರೆ ಜಾಲ ಕುಸಿಯುತ್ತದೆ.

ಸಿಡಿಲು ಬಡಿದು ಒಂದು 400 ಕಿಲೋವೋಲ್ಟ್ ಲೈನ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆಯಿತು ಎನ್ನಿ. ಸರ್ಕ್ಯೂಟ್ ಬ್ರೇಕರ್ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಆ ಲೈನನ್ನು ಕಡಿದುಹಾಕುತ್ತದೆ. ಅಷ್ಟರೊಳಗೆ ಹತ್ತಿರದ ಜನರೇಟರ್‌ಗಳು ಎಷ್ಟು ವೇಗ ಪಡೆದಿರುತ್ತವೆ? ಮತ್ತೆ ತಾಳಕ್ಕೆ ಬರುತ್ತವೆಯೇ? ಬ್ರೇಕರ್ ಇನ್ನೆಷ್ಟು ತಡ ಮಾಡಿದ್ದರೆ ಬರುತ್ತಿರಲಿಲ್ಲ? ಈ ಕೊನೆಯ ಪ್ರಶ್ನೆಗೆ ಉತ್ತರವಾಗಿ ಸಿಗುವ ಕಾಲಾವಧಿಯನ್ನು 'ಕ್ರಿಟಿಕಲ್ ಕ್ಲಿಯರಿಂಗ್ ಟೈಮ್' ಎನ್ನುತ್ತಾರೆ. ಗ್ರಿಡ್ ನಡೆಸುವವರಿಗೆ ಅದು ಜೀವ ಉಳಿಸುವ ಸಂಖ್ಯೆ.

ಮಂಗಳೂರು, ಬರ್ಕ್ಲಿ, ಕಾನ್ಪುರ

ಪೈ ಅವರು ಹುಟ್ಟಿದ್ದು 1931ರಲ್ಲಿ. ಮದ್ರಾಸು ವಿಶ್ವವಿದ್ಯಾಲಯದಿಂದ 1953ರಲ್ಲಿ ಬಿ.ಇ. ಪದವಿ, ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1958ರಲ್ಲಿ ಎಂ.ಎಸ್., 1961ರಲ್ಲಿ ಪಿಎಚ್‌ಡಿ. 1963ರಲ್ಲಿ ಭಾರತಕ್ಕೆ ಮರಳಿ ಕಾನ್ಪುರದ ಐಐಟಿ ಸೇರಿದರು. ಆಗ ಆ ಸಂಸ್ಥೆಗೆ ನಾಲ್ಕೇ ವರ್ಷ. ಅಮೆರಿಕದ ಒಂಬತ್ತು ವಿಶ್ವವಿದ್ಯಾಲಯಗಳು ಸೇರಿ ಅದನ್ನು ಕಟ್ಟಲು ನೆರವಾಗುತ್ತಿದ್ದವು. ಅದೇ 1963ರಲ್ಲಿ ಅಲ್ಲಿಗೆ ಐಬಿಎಂ 1620 ಎಂಬ ಕಂಪ್ಯೂಟರ್ ಬಂದಿಳಿಯಿತು. ನಮ್ಮ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಂಪ್ಯೂಟರ್ ಬಳಸಲು ಕಲಿತ ಮೊದಮೊದಲ ಜಾಗಗಳಲ್ಲಿ ಅದೂ ಒಂದು.

ಈ ಕಂಪ್ಯೂಟರ್ ವಿಷಯ ಸುಮ್ಮನೆ ಹೇಳಿದ್ದಲ್ಲ. ಜಾಲ ನಿಲ್ಲುತ್ತದೆಯೇ ಎಂದು ತಿಳಿಯಲು ಆಗ ಇದ್ದ ಖಚಿತ ದಾರಿ ಒಂದೇ. ಪ್ರತಿ ಜನರೇಟರ್‌ನ ಚಲನೆಯ ಸಮೀಕರಣ ಬರೆದು, ಸೆಕೆಂಡನ್ನು ಸಣ್ಣ ಸಣ್ಣ ತುಣುಕು ಮಾಡಿ, ಒಂದೊಂದು ತುಣುಕಿಗೂ ಎಲ್ಲ ಯಂತ್ರಗಳ ಸ್ಥಿತಿಯನ್ನು ಲೆಕ್ಕ ಹಾಕುತ್ತಾ ಹೋಗುವುದು. ಕೆಲವು ಸೆಕೆಂಡುಗಳ ಚಲನೆ ನೋಡಿ, ಯಾರಾದರೂ ತಾಳ ತಪ್ಪಿದರೋ ಎಂದು ಪರೀಕ್ಷಿಸುವುದು. ಒಂದು ದೋಷಕ್ಕೆ ಇಷ್ಟು ಕೆಲಸ. ದೊಡ್ಡ ಜಾಲದಲ್ಲಿ ಆಗಬಹುದಾದ ದೋಷಗಳು ಸಾವಿರಾರು. 1960ರ ದಶಕದ ಕಂಪ್ಯೂಟರ್ ಇದನ್ನು ಮುಗಿಸುವ ಹೊತ್ತಿಗೆ ಜಾಲದ ಪರಿಸ್ಥಿತಿಯೇ ಬದಲಾಗಿರುತ್ತಿತ್ತು.

ಅವಸರವೂ ಇತ್ತು. 1965ರ ನವೆಂಬರ್ 9ರ ಸಂಜೆ ಕೆನಡಾದ ಒಂಟಾರಿಯೊದ ಜಲವಿದ್ಯುತ್ ಕೇಂದ್ರವೊಂದರಲ್ಲಿ ಒಂದು ರಿಲೇ ಕೆಲಸ ಮಾಡಿ ಲೈನ್ ಕಡಿಯಿತು. ಕೆಲವೇ ನಿಮಿಷಗಳಲ್ಲಿ ನ್ಯೂಯಾರ್ಕ್ ಸೇರಿ ಅಮೆರಿಕದ ಈಶಾನ್ಯ ಭಾಗ ಕತ್ತಲಾಯಿತು. ಸುಮಾರು 3 ಕೋಟಿ ಜನ, ಕೆಲವೆಡೆ 13 ತಾಸು. ಜಗತ್ತಿನ ವಿದ್ಯುತ್ ಎಂಜಿನಿಯರ್‌ಗಳು ಸ್ಥಿರತೆಯ ಪ್ರಶ್ನೆಯನ್ನು ಹೊಸದಾಗಿ ಹಿಡಿದುಕೊಂಡ ಹೊತ್ತು ಅದು.

ಕೆರೆ, ಏರಿ ಮತ್ತು ಕೋಡಿ

ಪೈ ಅವರು ಹಿಡಿದ ದಾರಿಯ ಬೇರು ರಷ್ಯಾದ ಗಣಿತಜ್ಞ ಅಲೆಕ್ಸಾಂಡರ್ ಲ್ಯಾಪುನೊವ್ 1892ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಒಂದು ವ್ಯವಸ್ಥೆ ಹೇಗೆ ಚಲಿಸುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸದೆ, ಅದರಲ್ಲಿರುವ 'ಶಕ್ತಿ'ಯಂಥ ಒಂದು ಸಂಖ್ಯೆಯನ್ನು ಮಾತ್ರ ನೋಡಿ ಅದು ಸ್ಥಿರವೋ ಅಲ್ಲವೋ ಹೇಳಬಹುದು ಎಂಬುದು ಅವರ ವಾದ. ವಿದ್ಯುತ್ ಜಾಲಕ್ಕೆ ಶಕ್ತಿಯ ಲೆಕ್ಕ ಬಳಸುವ ಯತ್ನ 1947ರಷ್ಟು ಹಿಂದೆಯೇ ನಡೆದಿತ್ತು. 1966ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಎಲ್-ಅಬಿಯದ್ ಮತ್ತು ನಾಗಪ್ಪನ್ ಅದನ್ನು ಹಲವು ಜನರೇಟರ್‌ಗಳ ಜಾಲಕ್ಕೆ ಹೊಂದಿಸಿದರು. ಕಾನ್ಪುರದಲ್ಲಿ ಪೈ ಮತ್ತು ಅವರ ವಿದ್ಯಾರ್ಥಿಗಳು ಈ ದಾರಿಯನ್ನು ವರ್ಷಗಟ್ಟಲೆ ಕೆದಕಿದರು. 1974ರಲ್ಲಿ ಎಂಜಿನಿಯರಿಂಗ್ ವಿಜ್ಞಾನಗಳ ವಿಭಾಗದಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. 1981ರಲ್ಲಿ ಈ ವಿಧಾನದ ಮೇಲೆ ಅವರ ಪುಸ್ತಕ, 1989ರಲ್ಲಿ ಎನರ್ಜಿ ಫಂಕ್ಷನ್ ಕುರಿತ ಇನ್ನೊಂದು ಪುಸ್ತಕ ಹೊರಬಂದವು.

ಏನಿದು ಎನರ್ಜಿ ಫಂಕ್ಷನ್? ಪಠ್ಯಪುಸ್ತಕಗಳು ಬಟ್ಟಲಿನಲ್ಲಿ ಉರುಳುವ ಗೋಲಿಯ ಉದಾಹರಣೆ ಕೊಡುತ್ತವೆ. ಚನ್ನಗಿರಿಯವರಿಗೆ ಸೂಳೆಕೆರೆಯೇ ಹತ್ತಿರ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಕೆರೆ ಅದು. ಕೆರೆ ಎಂದರೆ ಸುತ್ತ ಎತ್ತರ, ನಡುವೆ ತಗ್ಗು. ನೀರು ಹೊರಹೋಗುವುದು ಎಲ್ಲ ಕಡೆಯಿಂದಲೂ ಅಲ್ಲ. ಅಂಚಿನಲ್ಲಿ ಎಲ್ಲಿ ಅತಿ ತಗ್ಗಿದೆಯೋ ಅಲ್ಲಿಂದ, ಅಂದರೆ ಕೋಡಿಯಿಂದ. ಕೆರೆ ಹರಿದುಹೋಗುತ್ತದೆಯೇ ಎಂದು ತಿಳಿಯಲು ಒಳಗಿನ ಪ್ರತಿ ಅಲೆಯ ಲೆಕ್ಕ ಬೇಡ. ಕೋಡಿಯ ಎತ್ತರ ಗೊತ್ತಿದ್ದರೆ ಸಾಕು.

ಜಾಲಕ್ಕೂ ಇಂಥದೇ ಒಂದು ತಗ್ಗು ಇದೆ. ಎಲ್ಲ ಜನರೇಟರ್‌ಗಳು ತಾಳದಲ್ಲಿರುವ ಸ್ಥಿತಿಯೇ ಅದರ ತಳ. ದೋಷ ಸಂಭವಿಸಿದಾಗ ರೋಟರ್‌ಗಳು ಹೆಚ್ಚುವರಿ ಚಲನಶಕ್ತಿ ಪಡೆಯುತ್ತವೆ, ಅವುಗಳ ಕೋನಗಳು ದೂರ ಸರಿದು ಸ್ಥಿತಿಶಕ್ತಿಯೂ ಏರುತ್ತದೆ. ಎರಡನ್ನೂ ಕೂಡಿದರೆ ಒಂದೇ ಸಂಖ್ಯೆ. ಬ್ರೇಕರ್ ದೋಷವನ್ನು ಕಡಿದ ಕ್ಷಣದಲ್ಲಿ ಆ ಸಂಖ್ಯೆ 'ಕೋಡಿ'ಯ ಎತ್ತರಕ್ಕಿಂತ ಕಡಿಮೆ ಇದ್ದರೆ ಜಾಲ ತೂಗಾಡಿ ತಳಕ್ಕೆ ಮರಳುತ್ತದೆ. ಹೆಚ್ಚಿದ್ದರೆ ಯಾವ ಖಾತರಿಯೂ ಇಲ್ಲ. ಬ್ರೇಕರ್ ಕಡಿದ ನಂತರದ ಸೆಕೆಂಡುಗಳನ್ನು ಹಿಂಬಾಲಿಸುವ ಕೆಲಸವೇ ಇಲ್ಲ.

ಕೇಳಲು ಸರಳ. ತೊಡಕು ಇರುವುದು ಕೋಡಿ ಹುಡುಕುವುದರಲ್ಲಿ. ಜನರೇಟರ್‌ಗಳ ಸಂಖ್ಯೆ ಹೆಚ್ಚಿದಂತೆ ಈ 'ಕೆರೆ'ಯ ಅಂಚಿನಲ್ಲಿ ಲೆಕ್ಕವಿಲ್ಲದಷ್ಟು ಕೋಡಿಗಳು ಹುಟ್ಟುತ್ತವೆ. ಎಲ್ಲಕ್ಕಿಂತ ತಗ್ಗಿನ ಕೋಡಿಯನ್ನೇ ಅಳತೆಗೆ ಹಿಡಿದರೆ ಲೆಕ್ಕ ಅತಿ ಅಂಜುಬುರುಕವಾಗುತ್ತದೆ. ನಿಜಕ್ಕೂ ನಿಲ್ಲುವ ಜಾಲವನ್ನೂ ಅದು ಬೀಳುತ್ತದೆ ಎನ್ನುತ್ತದೆ. ಏಕೆಂದರೆ ಪೆಟ್ಟು ಜಾಲವನ್ನು ತಳ್ಳಿದ್ದು ಬೇರೆ ದಿಕ್ಕಿಗೆ, ಆ ತಗ್ಗು ಕೋಡಿ ಇರುವುದು ಇನ್ನೊಂದು ದಿಕ್ಕಿಗೆ. 1970ರ ದಶಕದ ಕೊನೆಯಲ್ಲಿ ಜಪಾನ್ ಮತ್ತು ಅಮೆರಿಕದ ಸಂಶೋಧಕರು ಪೆಟ್ಟು ಬಿದ್ದ ದಿಕ್ಕಿನಲ್ಲಿರುವ ಕೋಡಿಯನ್ನು ಗುರುತಿಸುವ ವಿಧಾನಗಳನ್ನು ಕೊಟ್ಟರು. ಪೈ ಅವರ ಪುಸ್ತಕಗಳು ಈ ಚದುರಿದ ಕೆಲಸವನ್ನು ಒಂದೆಡೆ ತಂದು, ಒರೆಗೆ ಹಚ್ಚಿ, ವಿದ್ಯಾರ್ಥಿಗೆ ಹಿಡಿಯಲು ಸಿಗುವಂತೆ ಮಾಡಿದವು.

ನಕ್ಷೆಯಿಂದ ಅಳಿಸಿಹೋದ ಊರುಗಳು

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಭಾಗ ಇದು. ನಾನು ಓದಿದ್ದು ಸಂವಹನ, ಎಂಜಿನಿಯರಿಂಗ್ ಅಲ್ಲ. ಆದ್ದರಿಂದ ಗಣಿತ ಬಿಟ್ಟು ತಿರುಳನ್ನಷ್ಟೇ ಹೇಳುತ್ತೇನೆ.

ಜನರೇಟರ್ ತಾಳ ತಪ್ಪುತ್ತದೆಯೇ ಎಂಬುದಷ್ಟೇ ಪ್ರಶ್ನೆಯಾದರೆ, ಜನರೇಟರ್ ಇಲ್ಲದ ಊರುಗಳನ್ನು ಲೆಕ್ಕದಲ್ಲಿ ಇಟ್ಟುಕೊಳ್ಳುವುದೇಕೆ? ಹಳೆಯ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹೊನ್ನಾಳಿಯ ಬಳಕೆಯನ್ನು ಒಂದು ಸ್ಥಿರ ಪ್ರತಿರೋಧದಂತೆ ಬಗೆದು, ಬೀಜಗಣಿತದ ಒಂದು ಕ್ರಮದಿಂದ ಆ ಬಿಂದುವನ್ನು ಜಾಲದಿಂದ ಅಳಿಸಿ, ಅದರ ಪರಿಣಾಮವನ್ನು ಜನರೇಟರ್‌ಗಳ ನಡುವಿನ ಕಾಲ್ಪನಿಕ ತಂತಿಗಳಿಗೆ ಹಂಚಿಬಿಡುತ್ತಿದ್ದರು. ಜಗಳೂರು, ಚನ್ನಗಿರಿ, ನ್ಯಾಮತಿಯಂಥ ಊರುಗಳಿಗೂ ಅದೇ ಗತಿ. ಬಳಸುವ ಊರುಗಳೆಲ್ಲ ಮಾಯವಾಗಿ, ಉತ್ಪಾದಿಸುವ ಯಂತ್ರಗಳಷ್ಟೇ ಉಳಿಯುತ್ತಿದ್ದವು. ಲೆಕ್ಕ ಚಿಕ್ಕದಾಗುತ್ತಿತ್ತು. ಕಂಪ್ಯೂಟರ್ ದುಬಾರಿಯಾಗಿದ್ದ ಕಾಲದಲ್ಲಿ ಅದು ದೊಡ್ಡ ಅನುಕೂಲ.

ಆದರೆ ಅಳಿಸಿದ ಊರುಗಳು ಗಣಿತದಲ್ಲಿ ಸೇಡು ತೀರಿಸಿಕೊಂಡವು ಎನ್ನಬೇಕು. ಊರುಗಳ ಬಳಕೆಯನ್ನು ಜನರೇಟರ್‌ಗಳ ನಡುವಿನ ತಂತಿಗಳಿಗೆ ಹಂಚಿದಾಗ ಆ ಕಾಲ್ಪನಿಕ ತಂತಿಗಳಲ್ಲಿ ಭಾರೀ 'ನಷ್ಟ' ಕಾಣಿಸಿಕೊಳ್ಳುತ್ತದೆ. ಇದಕ್ಕೆ 'ಟ್ರಾನ್ಸ್‌ಫರ್ ಕಂಡಕ್ಟೆನ್ಸ್' ಎಂದು ಹೆಸರು. ಇದು ಬಂದ ಕೂಡಲೇ ಶಕ್ತಿಯ ಲೆಕ್ಕ ಕೈಕೊಡುತ್ತದೆ. ಹೊನ್ನಾಳಿಯಿಂದ ಜಗಳೂರಿಗೆ ಯಾವ ದಾರಿಯಲ್ಲಿ ಹೋದರೂ ಎರಡೂ ಊರುಗಳ ಎತ್ತರದ ವ್ಯತ್ಯಾಸ ಒಂದೇ. ಆದರೆ ಬಸ್ ಚಾರ್ಜು ಹಾಗಲ್ಲ, ಯಾವ ದಾರಿ ಹಿಡಿದಿರಿ ಎಂಬುದರ ಮೇಲೆ ನಿಂತಿದೆ. ಸ್ಥಿತಿಶಕ್ತಿ ಎಂಬುದು ಎತ್ತರದಂತೆ ಇರಬೇಕು. ನಷ್ಟ ಸೇರಿದಾಗ ಅದು ಬಸ್ ಚಾರ್ಜಿನಂತಾಗುತ್ತದೆ. ಆಗ 'ಕೋಡಿಯ ಎತ್ತರ' ಎಂಬ ಮಾತಿಗೇ ಖಚಿತ ಅರ್ಥ ಉಳಿಯುವುದಿಲ್ಲ. ಸಂಶೋಧಕರು ಇದನ್ನು ಅಂದಾಜಿನ ತೇಪೆ ಹಾಕಿ ಸಂಭಾಳಿಸುತ್ತಿದ್ದರು. ನಷ್ಟವುಳ್ಳ ಜಾಲಕ್ಕೆ ಎಲ್ಲ ಸಂದರ್ಭಕ್ಕೂ ಒಗ್ಗುವ ಎನರ್ಜಿ ಫಂಕ್ಷನ್ ಕಟ್ಟಲು ಸಾಧ್ಯವಿಲ್ಲ ಎಂದು ಆಮೇಲೆ ಸಾಬೀತೂ ಆಯಿತು.

ಪರಿಹಾರ ಬಂದದ್ದು 1981ರಲ್ಲಿ, ಪೈ ಓದಿದ ಬರ್ಕ್ಲಿಯಿಂದಲೇ. ಆರ್ಥರ್ ಬರ್ಗನ್ ಮತ್ತು ಡೇವಿಡ್ ಹಿಲ್ ಊರುಗಳನ್ನು ಅಳಿಸದೆ ಜಾಲವನ್ನು ಇದ್ದ ಹಾಗೇ ಉಳಿಸಿಕೊಂಡು ಸಮೀಕರಣ ಬರೆದರು. ಬಳಕೆ ಊರಿನಲ್ಲೇ ಉಳಿಯಿತು, ತಂತಿಗಳಲ್ಲಿ ಉಳಿದದ್ದು ತಂತಿಯ ಸಣ್ಣ ನಷ್ಟ ಮಾತ್ರ. ನಿಜವಾದ ಹೈವೋಲ್ಟೇಜ್ ಲೈನಿನಲ್ಲಿ ಅದನ್ನು ಬಿಟ್ಟುಬಿಟ್ಟರೂ ದೊಡ್ಡ ತಪ್ಪಾಗುವುದಿಲ್ಲ. ಶಕ್ತಿಯ ಲೆಕ್ಕ ಮತ್ತೆ ಎತ್ತರದ ಲೆಕ್ಕವಾಯಿತು. ಈ ಬಗೆಯ ಮಾದರಿಗೆ 'ರಚನೆ ಉಳಿಸುವ ಮಾದರಿ' ಎಂದು ಹೆಸರು. ಇನ್ನೊಂದು ಲಾಭವೂ ಆಯಿತು. ಊರು ಲೆಕ್ಕದಲ್ಲಿ ಉಳಿದ ಮೇಲೆ, ಆ ಊರಿನ ವೋಲ್ಟೇಜ್ ಬಿದ್ದಾಗ ಬಳಕೆ ಹೇಗೆ ಬದಲಾಗುತ್ತದೆ ಎಂಬುದನ್ನೂ ಸೇರಿಸಬಹುದು.

ಈ ಎಳೆಯನ್ನು ಕರ್ನಾಟಕದಲ್ಲಿ ಬಹುದೂರ ಒಯ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಆರ್. ಪಡಿಯಾರ್. ಅವರು 1976ರಿಂದ 1987ರವರೆಗೆ ಐಐಟಿ ಕಾನ್ಪುರದಲ್ಲಿದ್ದರು. ಅಂದರೆ ಪೈ ಅವರ ಕೊನೆಯ ಕಾನ್ಪುರ ವರ್ಷಗಳಲ್ಲಿ ಇಬ್ಬರೂ ಒಂದೇ ವಿಭಾಗದವರು. ಬೆಂಗಳೂರಿಗೆ ಬಂದ ಮೇಲೆ ಪಡಿಯಾರ್ ಮತ್ತು ಅವರ ವಿದ್ಯಾರ್ಥಿಗಳು ರಚನೆ ಉಳಿಸುವ ಮಾದರಿಗೆ ಜನರೇಟರ್‌ನ ವಿವರಗಳನ್ನು, ನಿಯಂತ್ರಕಗಳನ್ನು ಸೇರಿಸುತ್ತಾ ಹೋದರು. 2006ರಲ್ಲಿ ಪಡಿಯಾರ್ ಮತ್ತು ಎಸ್. ಕೃಷ್ಣ ಪ್ರಕಟಿಸಿದ ಕೆಲಸ ಇನ್ನೂ ಕುತೂಹಲದ್ದು. ಜಾಲ ತಾಳ ತಪ್ಪುತ್ತಿದೆಯೇ ಎಂದು ಲೈನ್‌ಗಳಲ್ಲಿ ಅಳೆಯಬಹುದಾದ ಸಂಗತಿಗಳಿಂದಲೇ, ನಡೆಯುತ್ತಿರುವಾಗಲೇ, ಎನರ್ಜಿ ಫಂಕ್ಷನ್ ಬಳಸಿ ಪತ್ತೆ ಹಚ್ಚುವ ಬಗೆ ಅದು. ರಚನೆ ಉಳಿಸುವ ಎನರ್ಜಿ ಫಂಕ್ಷನ್‌ಗಳ ಮೇಲೆ ಪಡಿಯಾರ್ ಅವರ ಪುಸ್ತಕ 2013ರಲ್ಲಿ ಬಂತು.

2012ರಲ್ಲಿ ನಮಗೇಕೆ ಕತ್ತಲಾಗಲಿಲ್ಲ?

2012ರ ಜುಲೈ 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರ ಭಾರತದ ಗ್ರಿಡ್ ಕುಸಿಯಿತು. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ 400 ಕಿಲೋವೋಲ್ಟ್ ಲೈನ್ ಭಾರ ತಾಳದೆ ಕಳಚಿಕೊಂಡಿತ್ತು. ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಅದೇ ಲೈನ್. ಈ ಸಲ ಉತ್ತರದ ಜತೆಗೆ ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳೂ ಬಿದ್ದವು. ಸುಮಾರು 48,000 ಮೆಗಾವಾಟ್ ಬಳಕೆ ನಿಂತುಹೋಯಿತು. ಕತ್ತಲಾದ ರಾಜ್ಯಗಳಲ್ಲಿ ವಾಸಿಸುವವರು ಸುಮಾರು 60 ಕೋಟಿ ಜನ. ಜಗತ್ತು ಅದುವರೆಗೆ ಅಷ್ಟು ದೊಡ್ಡ ಬ್ಲ್ಯಾಕೌಟ್ ಕಂಡಿರಲಿಲ್ಲ.

ಅಂದು ಕರ್ನಾಟಕಕ್ಕೆ ಇದರ ಬಿಸಿ ತಟ್ಟಲಿಲ್ಲ. ದಕ್ಷಿಣದ ನಾವು ವಿದ್ಯುತ್ತನ್ನು ಜಾಣತನದಿಂದ ಬಳಸುತ್ತೇವೆ, ಅದಕ್ಕೇ ಉಳಿದೆವು ಎಂಬ ಮಾತು ಆಗ ಓಡಾಡಿತು. ಕಾರಣ ಅದಲ್ಲ. ಆಗ ದಕ್ಷಿಣದ ಗ್ರಿಡ್ ಉಳಿದ ಭಾರತದ ಜತೆ ಒಂದೇ ತಾಳಕ್ಕೆ ಸುತ್ತುತ್ತಿರಲಿಲ್ಲ. ನಡುವೆ ಇದ್ದ ಮುಖ್ಯ ಕೊಂಡಿಗಳು ಎಚ್‌ವಿಡಿಸಿ, ಅಂದರೆ ಅಧಿಕ ವೋಲ್ಟೇಜಿನ ನೇರ ವಿದ್ಯುತ್ತಿನವು. ಒಡಿಶಾದ ತಾಲ್ಚೇರ್‌ನಿಂದ ನಮ್ಮ ಕೋಲಾರಕ್ಕೆ ಬರುವ ಲೈನ್ ಅವುಗಳಲ್ಲೊಂದು. ಭದ್ರಾವತಿಯಲ್ಲಿ ಇನ್ನೊಂದು ಕೊಂಡಿ. ಚನ್ನಗಿರಿಯವರು ಇದು ಪಕ್ಕದ ಉಕ್ಕಿನ ಊರು ಎಂದುಕೊಳ್ಳುವುದು ಬೇಡ. ಈ ಭದ್ರಾವತಿ ಇರುವುದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ. ನೇರ ವಿದ್ಯುತ್ತಿಗೆ ಆವರ್ತನವಿಲ್ಲ, ಆದ್ದರಿಂದ ತಾಳವೂ ಇಲ್ಲ. ಶಕ್ತಿ ದಾಟುತ್ತದೆ, ತೂಗಾಟ ದಾಟುವುದಿಲ್ಲ.

ಇಂಥ ಮಿಶ್ರ ಜಾಲಕ್ಕೆ ಎನರ್ಜಿ ಫಂಕ್ಷನ್ ಹೇಗೆ ಕಟ್ಟುವುದು ಎಂಬ ಪ್ರಶ್ನೆಯನ್ನು ಪೈ, ಪಡಿಯಾರ್ ಮತ್ತು ಸಿ. ರಾಧಾಕೃಷ್ಣ ಸೇರಿ 1981ರಲ್ಲೇ ಎತ್ತಿಕೊಂಡು ಪ್ರಬಂಧ ಬರೆದಿದ್ದರು. ಭಾರತದಲ್ಲಿ ಆಗ ದೂರದ ಎಚ್‌ವಿಡಿಸಿ ಲೈನ್ ಒಂದೂ ಇರಲಿಲ್ಲ. ಎಚ್‌ವಿಡಿಸಿ ಕುರಿತ ಪಡಿಯಾರ್ ಅವರ ಪಠ್ಯಪುಸ್ತಕ 1990ರಲ್ಲಿ ಬಂತು. ಇಂದಿಗೂ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಾಲಯಗಳಲ್ಲಿ ಸವೆದ ರಟ್ಟಿನ ಪುಸ್ತಕಗಳಲ್ಲಿ ಅದೂ ಒಂದು.

ಆ ಬೇಲಿ ಈಗಿಲ್ಲ. 2013ರ ಡಿಸೆಂಬರ್ 31ರ ರಾತ್ರಿ ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನ್ ಮೂಲಕ ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ತಾಳ ಸೇರಿತು. ಅಂದಿನಿಂದ ಶರಾವತಿಯ ರೋಟರ್ ಮತ್ತು ಹಿಮಾಚಲದ ರೋಟರ್ ಒಂದೇ ಡೊಳ್ಳಿನ ಮೇಳದಲ್ಲಿವೆ. ಇದರಿಂದ ಲಾಭವೇ ಹೆಚ್ಚು. ಒಂದು ದೊಡ್ಡ ಜನರೇಟರ್ ನಿಂತುಹೋದರೂ ಅದರ ಪೆಟ್ಟನ್ನು ಇಡೀ ದೇಶದ ತಿರುಗುವ ಕಬ್ಬಿಣ ಹಂಚಿಕೊಳ್ಳುತ್ತದೆ. ಕೊರತೆಯ ಕಾಲದಲ್ಲಿ ಬೇರೆ ರಾಜ್ಯಗಳಿಂದ ಹೆಚ್ಚು ವಿದ್ಯುತ್ ತರಿಸಿಕೊಳ್ಳಬಹುದು. ಆದರೆ ತೂಗಾಟ ಬರಲು ದಾರಿಯೂ ತೆರೆದಿದೆ. ಜಗಳೂರಿನ ದೀಪದ ಮಟ್ಟಿಗೆ ಗ್ವಾಲಿಯರ್ ಈಗ ದೂರದ ಊರಲ್ಲ.

ಇಲಿನಾಯ್, ಮತ್ತು ಪಂಪ್‌ಸೆಟ್ಟಿನ ಪ್ರಶ್ನೆ

ಪೈ 1981ರಲ್ಲಿ ಅರ್ಬಾನಾ–ಶಾಂಪೇನ್‌ನ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. 2003ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ. ಪೀಟರ್ ಸೋಯರ್ ಜತೆ ಬರೆದು 1998ರಲ್ಲಿ ಪ್ರಕಟಿಸಿದ, ಜಾಲದ ಚಲನೆ ಮತ್ತು ಸ್ಥಿರತೆಯ ಪಠ್ಯಪುಸ್ತಕ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಇಯಾನ್ ಹಿಸ್ಕೆನ್ಸ್ ಜತೆ 2000ದಲ್ಲಿ ಪ್ರಕಟಿಸಿದ ಪ್ರಬಂಧ, ಸ್ವಿಚ್‌ಗಳು ಹಾಕಿ ತೆಗೆದು ನಡುನಡುವೆ ಸ್ವರೂಪ ಬದಲಿಸುವ ವ್ಯವಸ್ಥೆಗಳಲ್ಲಿ ಸಣ್ಣ ಬದಲಾವಣೆ ಮುಂದೆ ಎಷ್ಟು ದೊಡ್ಡದಾಗುತ್ತದೆ ಎಂದು ಅಳೆಯುವ ಬಗ್ಗೆ.

ಇನ್ನೊಂದು ಸಣ್ಣ ಸಂಗತಿ. ಜಗತ್ತಿನ ಯಾವುದೇ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಜಾಲದ ಹೊಸ ವಿಧಾನ ಪರೀಕ್ಷಿಸುವವರು 'ನ್ಯೂ ಇಂಗ್ಲೆಂಡ್ 39 ಬಸ್' ಎಂಬ ಮಾದರಿ ಜಾಲವನ್ನು ಬಳಸುತ್ತಾರೆ. ಹತ್ತು ಜನರೇಟರ್, 39 ಬಿಂದುಗಳು. ಅದರ ಅಂಕಿಅಂಶಗಳಿಗೆ ಬಹುತೇಕರು ಉಲ್ಲೇಖಿಸುವುದು ಪೈ ಅವರ 1989ರ ಪುಸ್ತಕವನ್ನು. ಸಿದ್ಧಾಂತಕ್ಕಿಂತ ಹೆಚ್ಚು ಜನ ಆ ಪುಸ್ತಕವನ್ನು ತೆರೆದದ್ದು ಈ ಕೋಷ್ಟಕಕ್ಕಾಗಿಯೇ ಇರಬೇಕು ಎಂಬುದು ನನ್ನ ಗುಮಾನಿ. ವಿಜ್ಞಾನದಲ್ಲಿ ಹೀಗೂ ಆಗುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹೆಚ್ಚು ಹತ್ತಿರದ್ದು 1990ರ ದಶಕದಲ್ಲಿ ಸೋಯರ್, ಬರ್ನಾರ್ಡ್ ಲೆಸ್ಯೂಟ್ರ್ ಜತೆ ಅವರು ಮಾಡಿದ ವೋಲ್ಟೇಜ್ ಸ್ಥಿರತೆಯ ಕೆಲಸ. ತಾಳ ತಪ್ಪದೆಯೂ ಜಾಲ ಬೀಳಬಹುದು. ಒಂದು ಲೈನ್ ಮೇಲೆ ಹೊರೆ ಏರಿಸುತ್ತಾ ಹೋದರೆ ಕೊನೆಯಲ್ಲಿರುವ ಊರಿನ ವೋಲ್ಟೇಜ್ ಇಳಿಯುತ್ತಾ ಬರುತ್ತದೆ. ಒಂದು ಹಂತ ದಾಟಿದರೆ, ಇನ್ನಷ್ಟು ಶಕ್ತಿ ಬೇಡಿದಷ್ಟೂ ಸಿಗುವುದು ಕಡಿಮೆಯಾಗುತ್ತದೆ. ಆ ಹಂತ ಎಲ್ಲಿದೆ, ಸಾಮಾನ್ಯ ಲೋಡ್ ಫ್ಲೋ ಲೆಕ್ಕ ತೋರಿಸುವ ಮಿತಿಯೂ ಜಾಲ ನಿಜಕ್ಕೂ ಅಸ್ಥಿರವಾಗುವ ಬಿಂದುವೂ ಒಂದೇನಾ ಎಂಬುದು ಪ್ರಶ್ನೆ. 1990ರಲ್ಲಿ ಪೈ ಮತ್ತು ಸೋಯರ್ ಕೊಟ್ಟ ಉತ್ತರ: ಕೆಲವು ಬಿಗಿಯಾದ ಷರತ್ತುಗಳಡಿ ಮಾತ್ರ ಎರಡೂ ಒಂದೇ. ಲೋಡ್ ಫ್ಲೋ 'ಸರಿ' ಎಂದಿದ್ದಕ್ಕೇ ನೆಮ್ಮದಿಯಿಂದ ಕೂರುವಂತಿಲ್ಲ.

ಇದನ್ನು ಬೋರ್‌ವೆಲ್‌ಗಳ ನಾಡಿನಲ್ಲಿ ನಿಂತು ನೋಡಿ. ಜಗಳೂರು ಮಳೆ ಕಡಿಮೆಯ ತಾಲ್ಲೂಕು, ಕೃಷಿ ನಿಂತಿರುವುದು ಹೆಚ್ಚಾಗಿ ಕೊಳವೆಬಾವಿಗಳ ಮೇಲೆ. ತುಂಗಭದ್ರೆಯ ನೀರನ್ನು ಮೇಲೆತ್ತಿ ತಾಲ್ಲೂಕಿನ 57 ಕೆರೆಗಳಿಗೆ ತುಂಬಿಸುವ ಯೋಜನೆಯೂ ನಡೆಯುವುದು ದೊಡ್ಡ ಮೋಟರ್‌ಗಳಿಂದಲೇ. ಚನ್ನಗಿರಿಯ ಅಡಿಕೆ ತೋಟಗಳಿಗೆ ಬೇಸಿಗೆಯಲ್ಲಿ ಪಂಪ್ ಇಲ್ಲದೆ ಆಗದು. ಪಂಪಿನ ಇಂಡಕ್ಷನ್ ಮೋಟರ್ ಬಲ್ಬಿನಂತಲ್ಲ. ವೋಲ್ಟೇಜ್ ಇಳಿದರೆ ಬಲ್ಬು ಮಂಕಾಗಿ ಕಡಿಮೆ ಕರೆಂಟ್ ಎಳೆಯುತ್ತದೆ. ಮೋಟರ್ ತನ್ನ ಕೆಲಸ ಬಿಡದೆ ಇನ್ನೂ ಹೆಚ್ಚು ಕರೆಂಟ್ ಎಳೆಯುತ್ತದೆ, ಅದರಿಂದ ವೋಲ್ಟೇಜ್ ಮತ್ತಷ್ಟು ಇಳಿಯುತ್ತದೆ. ಇಳಿದು ಇಳಿದು ಮೋಟರ್ ನಿಂತೇಬಿಟ್ಟರೆ, ನಿಂತ ಮೋಟರ್ ಸ್ಟಾರ್ಟ್ ಆಗುವಾಗಿನಷ್ಟು, ಅಂದರೆ ಸಾಮಾನ್ಯಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತಾ ಸುಡುತ್ತದೆ. ವೈಂಡಿಂಗ್ ಕಟ್ಟಿಸಲು ಅಂಗಡಿಗೆ ಹೊತ್ತೊಯ್ದವರಿಗೆ ಇದರ ಬೆಲೆ ಗೊತ್ತು.

ಇಲ್ಲಿ ಎರಡು ರೂಢಿಗಳ ಬಗ್ಗೆ ಹೇಳಲೇಬೇಕು. ಮೊದಲನೆಯದು ಆಟೋ ಸ್ಟಾರ್ಟರ್. ತ್ರೀ ಫೇಸ್ ಬಂದ ಕ್ಷಣವೇ ಒಂದು ಫೀಡರ್‌ನ ನೂರಾರು ಪಂಪ್‌ಗಳು ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. ಎಲ್ಲರ ಸ್ಟಾರ್ಟಿಂಗ್ ಕರೆಂಟ್ ಒಮ್ಮೆಗೇ ಬಿದ್ದು ವೋಲ್ಟೇಜ್ ಕುಸಿದು ಮತ್ತೆ ಲೈನ್ ಟ್ರಿಪ್. 'ಕರೆಂಟ್ ಕೊಟ್ಟ ಹಾಗೆ ಮಾಡಿ ಕಿತ್ತುಕೊಂಡರು' ಎಂದು ನಮಗೆ ಅನ್ನಿಸುವ ಎಷ್ಟೋ ಸಂದರ್ಭಗಳು ಹೀಗೆ ನಾವೇ ಸೇರಿ ಮಾಡಿದವು. ಸ್ಟಾರ್ಟರ್‌ನಲ್ಲಿ ಕೆಲವು ನಿಮಿಷದ ವಿಳಂಬ ಇಟ್ಟರೆ, ಅದೂ ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಇಟ್ಟರೆ, ಎಲ್ಲರ ಪಂಪೂ ಓಡುತ್ತದೆ.

ಎರಡನೆಯದು ಕೆಪ್ಯಾಸಿಟರ್, ನಮ್ಮ ಆಡುಮಾತಿನ ಕಂಡೆನ್ಸರ್. ಇದನ್ನು ಹಾಕುವುದು ವಿದ್ಯುತ್ ಕಳ್ಳತನ ಎಂದು ಕೆಲವರೂ, ಹಾಕಿದರೆ ಕರೆಂಟೇ ಹೆಚ್ಚುತ್ತದೆ ಎಂದು ಕೆಲವರೂ ನಂಬಿದ್ದಾರೆ. ಎರಡೂ ಸರಿಯಲ್ಲ. ಮೋಟರ್ ತನ್ನ ಕಾಂತಕ್ಷೇತ್ರಕ್ಕೆ ಬೇಕಾದ 'ರಿಯಾಕ್ಟಿವ್' ಶಕ್ತಿಯನ್ನು ಲೈನಿನಿಂದ ಎಳೆದು ವೋಲ್ಟೇಜ್ ಇಳಿಸುತ್ತದೆ. ಸರಿಯಾದ ಅಳತೆಯ ಕೆಪ್ಯಾಸಿಟರನ್ನು ಮೂರೂ ಫೇಸ್‌ಗೆ ಮೋಟರ್ ಪಕ್ಕದಲ್ಲೇ ಜೋಡಿಸಿದರೆ ಆ ಬೇಡಿಕೆ ಅಲ್ಲೇ ಪೂರೈಕೆಯಾಗಿ ವೋಲ್ಟೇಜ್ ಸುಧಾರಿಸುತ್ತದೆ. ಆದರೆ ಒಂದು ಫೇಸ್ ಇಲ್ಲದಾಗ ಕಂಡೆನ್ಸರ್ ತಂತ್ರದಿಂದ ತ್ರೀ ಫೇಸ್ ಪಂಪ್ ಓಡಿಸುವುದು ಬೇರೆಯೇ ವಿಷಯ. ಅದು ಮೋಟರನ್ನು ಬಿಸಿ ಮಾಡುತ್ತದೆ, ಪಕ್ಕದ ಮನೆಗಳ ವೋಲ್ಟೇಜ್ ಕೆಡಿಸುತ್ತದೆ.

ಹಾಗಾದರೆ ಗೆದ್ದದ್ದು ಯಾವ ವಿಧಾನ?

ಎನರ್ಜಿ ಫಂಕ್ಷನ್ ಹಳೆಯ ಹೆಜ್ಜೆ ಹೆಜ್ಜೆಯ ಲೆಕ್ಕವನ್ನು ಮೂಲೆಗೆ ತಳ್ಳಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ನಿಜವಾಗುವುದಿಲ್ಲ. ಕಂಪ್ಯೂಟರ್‌ಗಳು ನಿರೀಕ್ಷೆ ಮೀರಿ ಅಗ್ಗವಾದವು, ವೇಗವಾದವು. ಐಬಿಎಂ 1620 ದಿನಗಟ್ಟಲೆ ತಿಣುಕುತ್ತಿದ್ದ ಲೆಕ್ಕ ಇಂದಿನ ಲ್ಯಾಪ್‌ಟಾಪಿಗೆ ಏನೂ ಅಲ್ಲ. ಜನರೇಟರ್‌ನ ನಿಯಂತ್ರಕಗಳ ಎಲ್ಲ ವಿವರಗಳನ್ನೂ ಒಂದು ಎನರ್ಜಿ ಫಂಕ್ಷನ್ ಒಳಗೆ ಹಿಡಿಸುವುದು ಇಂದಿಗೂ ಕಷ್ಟ. ಆದ್ದರಿಂದ ಗ್ರಿಡ್ ನಿಯಂತ್ರಣ ಕೇಂದ್ರಗಳು ಕೊನೆಯ ಮಾತಿಗೆ ಹೆಚ್ಚಾಗಿ ನೆಚ್ಚಿಕೊಂಡಿರುವುದು ಹೆಜ್ಜೆ ಹೆಜ್ಜೆಯ ಸಿಮ್ಯುಲೇಷನನ್ನೇ. ಶಕ್ತಿಯ ವಿಧಾನ ಜರಡಿಯಂತೆ ಕೆಲಸಕ್ಕೆ ಬರುತ್ತದೆ. ಸಾವಿರಾರು ಸಂಭವನೀಯ ದೋಷಗಳಲ್ಲಿ ನಿಶ್ಚಿಂತೆಯವನ್ನು ಬೇಗ ಸೋಸಿ ಬದಿಗಿಟ್ಟು, ಅನುಮಾನದ ಕೆಲವನ್ನು ಮಾತ್ರ ಪೂರ್ತಿ ಪರೀಕ್ಷೆಗೆ ಕಳಿಸಬಹುದು. ಸಿಮ್ಯುಲೇಷನ್ 'ನಿಂತಿತು' ಅಥವಾ 'ಬಿತ್ತು' ಎಂದಷ್ಟೇ ಹೇಳುತ್ತದೆ. ಬೀಳಲು ಇನ್ನೆಷ್ಟು ಅಂತರವಿತ್ತು ಎಂಬುದನ್ನು ಒಂದು ಸಂಖ್ಯೆಯಾಗಿ ಕೊಡುವುದು ಶಕ್ತಿಯ ಲೆಕ್ಕ. ನನ್ನ ಮಟ್ಟಿಗೆ ಅದರ ನಿಜವಾದ ಬೆಲೆ ಇಲ್ಲಿದೆ.

ಈಗ ಆ ಅಂತರವೇ ಹೊಸ ಪ್ರಶ್ನೆಯಾಗಿದೆ. ಜಗಳೂರಿಗೆ ಅಂಟಿಕೊಂಡ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲು, ಅದರಾಚೆ ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್. ಸೌರಫಲಕಗಳಲ್ಲಿ ತಿರುಗುವ ಕಬ್ಬಿಣವೇ ಇಲ್ಲ. ಹೊಸ ಗಾಳಿಯಂತ್ರಗಳಲ್ಲಿ ಇದ್ದರೂ ಹೆಚ್ಚಿನವು ಇನ್ವರ್ಟರ್ ಮೂಲಕವೇ ಜಾಲ ಸೇರುವುದರಿಂದ ಅವು ತಾಳಕ್ಕೆ ನೇರವಾಗಿ ಕಟ್ಟಿಕೊಂಡಿಲ್ಲ. ಬಿಸಿಲೇರಿದ ಮಧ್ಯಾಹ್ನ ಕರ್ನಾಟಕದ ಬಳಕೆಯ ದೊಡ್ಡ ಪಾಲನ್ನು ಇವು ಪೂರೈಸುವಾಗ ಜಾಲದ ಉಳಿತಾಯ ಖಾತೆಯಲ್ಲಿರುವ ಚಲನಶಕ್ತಿ ತೆಳುವಾಗುತ್ತದೆ. ಅದೇ ಪೆಟ್ಟಿಗೆ ಆವರ್ತನ ಹೆಚ್ಚು ವೇಗವಾಗಿ ಇಳಿಯುತ್ತದೆ. ಜನರೇಟರ್‌ನಂತೆಯೇ ತಾಳ ಹಿಡಿಯಬಲ್ಲ 'ಗ್ರಿಡ್ ಫಾರ್ಮಿಂಗ್' ಇನ್ವರ್ಟರ್‌ಗಳು ಬರುತ್ತಿವೆ. ಅವುಗಳ ನಡೆ ನಿಂತಿರುವುದು ಕಬ್ಬಿಣದ ತೂಕದ ಮೇಲಲ್ಲ, ತಯಾರಕರು ಬರೆದ ಸಾಫ್ಟ್‌ವೇರ್ ಮೇಲೆ. ಅಂಥ ಇನ್ವರ್ಟರ್‌ಗಳೂ ಹಳೆಯ ರೋಟರ್‌ಗಳೂ ಕೂಡಿರುವ ಜಾಲಕ್ಕೆ ಕೋಡಿಯ ಎತ್ತರ ಎಷ್ಟು, ಅದನ್ನು ಹೇಗೆ ಅಳೆಯುವುದು ಎಂಬುದರ ಮೇಲೆ ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಈಗ ಕೆಲಸ ನಡೆಯುತ್ತಿದೆ. ಅವುಗಳಲ್ಲಿ ಎಷ್ಟೋ ಕಡೆ ಮೊದಲ ಪರೀಕ್ಷೆ ನಡೆಯುವುದು ಅದೇ ಹತ್ತು ಜನರೇಟರ್, 39 ಬಿಂದುಗಳ ಮಾದರಿಯ ಮೇಲೆ, ಕೆಲವು ಜನರೇಟರ್‌ಗಳ ಜಾಗದಲ್ಲಿ ಇನ್ವರ್ಟರ್ ಕೂರಿಸಿ.